911ರ ಶುಲ್ಕ: ತೆತ್ತವರು ಯಾರು, ಉಂಡವರು ಯಾರು?

ಮನೆಗೆ ಬೆಂಕಿ ಬೀಳಲಿ, ಕಳ್ಳರು ನುಗ್ಗಲಿ, ಹೃದಯಾಘಾತವಾಗಲಿ, ಅಮೆರಿಕದ ಜನ ಒತ್ತುವ ಸಂಖ್ಯೆ ಒಂದೇ: 911. ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಪುಟ್ಟ ಪಟ್ಟಣದಲ್ಲಿ 1968ರ ಫೆಬ್ರವರಿ 16ರಂದು ಆರಂಭವಾದ ಈ ಸೇವೆಗೆ ದೂರವಾಣಿ ಗ್ರಾಹಕರೇ ಹಣ ತೆರುತ್ತಾರೆ. ಮಾಸಿಕ ಬಿಲ್ಲಿನಲ್ಲಿ ಅದಕ್ಕೆಂದೇ ಪ್ರತ್ಯೇಕ ಶುಲ್ಕವಿರುತ್ತದೆ. ಆದರೆ ಆ ಹಣವೆಲ್ಲವೂ ಕರೆ ಸ್ವೀಕರಿಸುವ ಕೇಂದ್ರಗಳನ್ನು ತಲುಪುತ್ತಿದೆಯೇ?

ಇಲ್ಲ ಎನ್ನುತ್ತವೆ ಅಲ್ಲಿನ ಫೆಡರಲ್ ಸಂಪರ್ಕ ಆಯೋಗದ ವರದಿಗಳು. 2012ರಿಂದ 2018ರ ಅವಧಿಯಲ್ಲಿ 120 ಕೋಟಿ ಡಾಲರ್‌ಗೂ ಅಧಿಕ ಮೊತ್ತ ಅನ್ಯ ಬಾಬತ್ತುಗಳಿಗೆ ಹರಿದಿದೆ. ನ್ಯೂಜೆರ್ಸಿಯನ್ನೇ ನೋಡಿ. 2004ರಲ್ಲಿ ಪ್ರತಿ ಸಂಪರ್ಕಕ್ಕೆ ಮಾಸಿಕ 90 ಸೆಂಟ್ ಶುಲ್ಕ ವಿಧಿಸಿದ ಆ ರಾಜ್ಯ, ಸಂಗ್ರಹದ ಬಹುಪಾಲನ್ನು ರಾಜ್ಯ ಪೊಲೀಸ್ ಮುಂತಾದ ಇಲಾಖೆಗಳ ಸಾಮಾನ್ಯ ವೆಚ್ಚಕ್ಕೆ ಬಳಸಿತು. ಕರೆ ಸ್ವೀಕರಿಸುವ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಹಣದಿಂದ ಕೇಂದ್ರಗಳನ್ನು ನಡೆಸಬೇಕಾಯಿತು. ಒಂದೇ ಸೇವೆಗೆ ನಾಗರಿಕ ಎರಡು ಬಾರಿ ತೆತ್ತಂತಾಯಿತು.

ಕರೆಗೆ ಓಗೊಟ್ಟು ಧಾವಿಸುವವರು ಪೊಲೀಸರೇ ಅಲ್ಲವೇ ಎಂಬುದು ಇಂಥ ರಾಜ್ಯಗಳ ಸಮರ್ಥನೆ. ಈ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಆದರೆ ಸ್ಥಿರ ದೂರವಾಣಿಯ ಕಾಲದ ಉಪಕರಣಗಳನ್ನು ಬದಲಿಸಲು, ಮೊಬೈಲ್ ಕರೆ ಬಂದ ಸ್ಥಳವನ್ನು ನಿಖರವಾಗಿ ಗುರುತಿಸಲು ಬೇಕಾದ ಹಣ ಬೇರೆಡೆ ಸೋರಿದರೆ ಧಾವಿಸಬೇಕಾದ ಪೊಲೀಸರಿಗೆ ವಿಳಾಸವೇ ಸಿಗದು.

ಕೇಂದ್ರದ ಅಂಕುಶವೂ ಮೊಂಡು. ಶುಲ್ಕದ ಬಳಕೆ ಕುರಿತು ಸಂಸತ್ತಿಗೆ ಪ್ರತಿವರ್ಷ ವರದಿ ಸಲ್ಲಿಸುವಂತೆ 2008ರ ಕಾಯ್ದೆ ಆಯೋಗಕ್ಕೆ ವಿಧಿಸಿತು. ಹಣ ತಿರುಗಿಸುವ ರಾಜ್ಯಗಳ ಪ್ರತಿನಿಧಿಗಳನ್ನು ಆಯೋಗದ ಸಂಬಂಧಿತ ಸಲಹಾ ಸಮಿತಿಗಳಿಂದ ಹೊರಗಿಡುವ ನಿಯಮ 2020ರ ಕಾಯ್ದೆಯಿಂದ ಬಂತು. ಹೆಸರು ಬಯಲು ಮಾಡಬಹುದು, ಅನುದಾನ ನಿರಾಕರಿಸಬಹುದು. ಖಜಾನೆಯ ಕೀಲಿಕೈ ಮಾತ್ರ ರಾಜ್ಯ ಶಾಸನಸಭೆಯ ಬಳಿಯೇ ಉಳಿದಿದೆ.

ನಮ್ಮಲ್ಲಿ ತುರ್ತು ಕರೆಗೆಂದು ಬಿಲ್ಲಿನಲ್ಲಿ ಪ್ರತ್ಯೇಕ ಶುಲ್ಕವಿಲ್ಲ. ಏಕೀಕೃತ ಸಂಖ್ಯೆ 112ರ ವ್ಯವಸ್ಥೆಗೆ ಹಣ ಒದಗಿಸಿದ್ದು 2013ರಲ್ಲಿ ಸ್ಥಾಪಿತವಾದ ಕೇಂದ್ರದ ನಿರ್ಭಯಾ ನಿಧಿ. ಕರ್ನಾಟಕದಲ್ಲಿ ಈ ಸೇವೆ 2019ರಲ್ಲಿ ಆರಂಭವಾಯಿತು. 108 ಆಂಬುಲೆನ್ಸ್ ಸೇವೆ 2008ರಿಂದಲೇ ಇದೆ. ಹಣದ ಮೂಲ ಬೇರೆಯಾದರೂ ಪ್ರಶ್ನೆ ಅದೇ. ಅಮೆರಿಕದ ಗ್ರಾಹಕನಿಗೆ ತಾನು ತೆತ್ತದ್ದೆಷ್ಟು ಎಂಬುದಾದರೂ ಬಿಲ್ಲಿನಿಂದ ತಿಳಿಯುತ್ತದೆ. ಇಲ್ಲಿನ ತೆರಿಗೆದಾರನಿಗೆ ಆ ಲೆಕ್ಕವೂ ಕೈಗೆಟುಕದು. ಆದ್ದರಿಂದ ತುರ್ತು ಸೇವೆಯ ಆಯವ್ಯಯಕ್ಕೆ ಪ್ರತ್ಯೇಕ ಖಾತೆ, ಕರೆಗೆ ಸ್ಪಂದಿಸಿದ ಅವಧಿಯ ಸಮೇತ ವಾರ್ಷಿಕ ಲೆಕ್ಕಪತ್ರದ ಪ್ರಕಟಣೆ, ಇವೆರಡು ಕನಿಷ್ಠ ಅಗತ್ಯ. ಆಪತ್ತಿನಲ್ಲಿ ಫೋನ್ ಹಿಡಿದವನಿಗೆ ಲೆಕ್ಕ ಕೇಳುವ ವ್ಯವಧಾನವಿರುವುದಿಲ್ಲ. ಅದನ್ನು ಮೊದಲೇ ಕೇಳಿರಬೇಕು.