ಒಂದು ದ್ವೀಪ, ಎರಡು ದೇಶ

ಇತಿಹಾಸಕ್ಕೆ ಒಂದು ಪೀರಿಯಡ್ಡು, ಭೂಗೋಳಕ್ಕೆ ಇನ್ನೊಂದು. ಗಂಟೆ ಬಾರಿಸಿದೊಡನೆ ಒಂದನ್ನು ಮುಚ್ಚಿಟ್ಟು ಮತ್ತೊಂದನ್ನು ತೆರೆಯುವುದು ವಿದ್ಯಾರ್ಥಿಗಳಾದ ನಮಗೆ ರೂಢಿಯಾಗಿಬಿಟ್ಟಿದೆ. ಈ ರೂಢಿಯಿಂದ ನಮ್ಮ ತಿಳಿವಳಿಕೆಗೆ ಒದಗುವ ಹಾನಿಯನ್ನು ತೋರಿಸಲು ಕ್ಯಾರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪವೊಂದೇ ಸಾಕು.

ಕ್ಯೂಬಾದ ಆಗ್ನೇಯಕ್ಕಿರುವ ಈ ದ್ವೀಪದ ವಿಸ್ತಾರ ಸುಮಾರು ೭೬,೦೦೦ ಚದರ ಕಿಲೋಮೀಟರು. ಪಶ್ಚಿಮದಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹೈಟಿ. ಉಳಿದದ್ದು ಡೊಮಿನಿಕನ್ ಗಣರಾಜ್ಯ. ಬೆಟ್ಟಸಾಲುಗಳು ಗಡಿಯನ್ನು ಲೆಕ್ಕಿಸದೆ ಹಾದುಹೋಗಿವೆ. ಆರ್ಟಿಬೊನೀಟ್ ನದಿ ಡೊಮಿನಿಕನ್ ನೆಲದಲ್ಲಿ ಹುಟ್ಟಿ ಹೈಟಿಯ ಗದ್ದೆಗಳಿಗೆ ನೀರುಣಿಸುತ್ತದೆ. ಆದರೂ ಹೈಟಿ ಅಮೆರಿಕ ಖಂಡಗಳಲ್ಲೆಲ್ಲ ಕಡುಬಡವ ದೇಶ. ನೆರೆಯವರ ತಲಾ ಆದಾಯ ಅದರ ಹಲವು ಪಟ್ಟು.

ಏಕೆ ಹೀಗೆ? ಭೂಗೋಳವನ್ನಷ್ಟೇ ಓದಿದವರ ಬಳಿ ಉತ್ತರ ಸಿದ್ಧವಾಗಿದೆ. ಈಶಾನ್ಯದ ವಾಣಿಜ್ಯ ಮಾರುತಗಳು ತರುವ ಮಳೆಯಲ್ಲಿ ಹೆಚ್ಚಿನದು ಪೂರ್ವಭಾಗಕ್ಕೇ ಬೀಳುತ್ತದೆ. ಹೈಟಿಯಲ್ಲಿ ಕಡಿದಾದ ಇಳಿಜಾರುಗಳೇ ಹೆಚ್ಚು. ಕಾಡು ಕಡಿದದ್ದರಿಂದ ಮಣ್ಣು ಕೊಚ್ಚಿಹೋಗಿದೆ. ಇದು ಸುಳ್ಳಲ್ಲ. ಆದರೆ ಇದೇ ನೆಲ ೧೮ನೆಯ ಶತಮಾನದಲ್ಲಿ ಫ್ರಾನ್ಸಿನ ಅತ್ಯಂತ ಸಂಪದ್ಭರಿತ ವಸಾಹತಾಗಿ, ಯೂರೋಪಿಗೆ ಸಕ್ಕರೆಯನ್ನೂ ಕಾಫಿಯನ್ನೂ ರಾಶಿರಾಶಿಯಾಗಿ ಕಳುಹಿಸುತ್ತಿತ್ತಲ್ಲ! ಅದೇ ಕಾಲದಲ್ಲಿ ಸ್ಪೇನಿನವರ ಪಾಲಿನ ಪೂರ್ವಭಾಗ ದನ ಮೇಯಿಸುವ ಬಡ ಸೀಮೆಯಾಗಿತ್ತು. ಮಳೆಯೇ ಎಲ್ಲವನ್ನೂ ನಿರ್ಣಯಿಸುವುದಾದರೆ ಇದಕ್ಕೆ ಏನು ಹೇಳೋಣ?

ಇಲ್ಲಿ ಇತಿಹಾಸವನ್ನು ಕೇಳಬೇಕು. ಆ ಸಂಪತ್ತನ್ನು ಬೆಳೆದವರು ಆಫ್ರಿಕದಿಂದ ತಂದ ಗುಲಾಮರು. ೧೭೮೯ರ ಹೊತ್ತಿಗೆ ಅವರ ಸಂಖ್ಯೆ ಸುಮಾರು ಐದು ಲಕ್ಷ. ೧೭೯೧ರಲ್ಲಿ ಅವರು ದಂಗೆಯೆದ್ದರು. ೧೮೦೪ರ ಜನವರಿ ೧ರಂದು ಸ್ವತಂತ್ರರಾದರು. ಆದರೆ ೧೮೨೫ರಲ್ಲಿ ಫ್ರಾನ್ಸಿನ ದೊರೆ ಯುದ್ಧನೌಕೆಗಳನ್ನು ಕಳುಹಿಸಿ, ತೋಟದ ಒಡೆಯರಿಗೆ ನಷ್ಟವಾಯಿತೆಂದು ೧೫ ಕೋಟಿ ಫ್ರಾಂಕ್ ಕೇಳಿದನು. ೧೮೩೮ರಲ್ಲಿ ಅದು ೯ ಕೋಟಿಗೆ ಇಳಿಯಿತು. ಬಿಡುಗಡೆಯಾದ ಗುಲಾಮನೇ ಒಡೆಯನಿಗೆ ಪರಿಹಾರ ಕೊಡಬೇಕಾಯಿತು! ಆ ಹಣಕ್ಕಾಗಿ ಫ್ರಾನ್ಸಿನ ಬ್ಯಾಂಕುಗಳಿಂದಲೇ ಸಾಲ ಎತ್ತಿದರು. ಅದರಿಂದ ಬೆಳೆದ ಸಾಲ ಪೂರ್ತಿಯಾಗಿ ತೀರಿದ್ದು ೧೯೪೭ರಲ್ಲಿ. ಶಾಲೆಗೆ, ರಸ್ತೆಗೆ ಸಲ್ಲಬೇಕಾದ ಹಣ ಸಮುದ್ರ ದಾಟಿತು.

ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ೧೯೫೭ರಿಂದ ೧೯೮೬ರವರೆಗೆ ಆಳಿದ ದುವಾಲಿಯೇ ತಂದೆ-ಮಕ್ಕಳು ಹೈಟಿಯನ್ನು ಸುಲಿದರು. ೧೮೨೨ರಲ್ಲಿ ಹೈಟಿಯೇ ಪೂರ್ವಭಾಗವನ್ನು ವಶಪಡಿಸಿಕೊಂಡು ೨೨ ವರ್ಷ ಆಳಿತು. ಆದ್ದರಿಂದಲೇ ಡೊಮಿನಿಕನ್ನರು ಆಚರಿಸುವ ಸ್ವಾತಂತ್ರ್ಯ ದಿನ ಸ್ಪೇನಿನಿಂದ ಬಿಡುಗಡೆಯಾದ ದಿನವಲ್ಲ, ೧೮೪೪ರಲ್ಲಿ ಹೈಟಿಯಿಂದ ಬೇರೆಯಾದ ದಿನ. ಆ ಹಳೆಯ ದ್ವೇಷವನ್ನು ಊದಿ ಉರಿಸಿದ ಸರ್ವಾಧಿಕಾರಿ ತ್ರುಹಿಯೋ ೧೯೩೭ರಲ್ಲಿ ಗಡಿನಾಡಿನ ಸಾವಿರಾರು ಹೈಟಿ ಮೂಲದವರನ್ನು ಕೊಲ್ಲಿಸಿದನು. ೧೮ನೆಯ ಶತಮಾನದಲ್ಲಿ ಯೂರೋಪಿನ ಇಬ್ಬರು ದೊರೆಗಳು ಕಾಗದದ ಮೇಲೆ ಒಪ್ಪಿಕೊಂಡ ಗೆರೆ ಬಡವರ ನಡುವೆ ರಕ್ತದ ಗೆರೆಯಾಯಿತು.

ಒಂದು ಜನಾಂಗ ಬಡವಾಗಿರುವುದನ್ನು ಕಂಡೊಡನೆ ಅವರ ಹವೆಯನ್ನೋ, ಸೋಮಾರಿತನವನ್ನೋ, ಹಣೆಬರಹವನ್ನೋ ದೂರುವುದು ಸುಲಭ. ಅವರ ಸಾಲದ ಲೆಕ್ಕವನ್ನು ತೆಗೆದು ನೋಡುವುದು ಕಷ್ಟ. ಆ ಕಷ್ಟವನ್ನು ಪಡದವನ ಪದವಿ ಹೆಸರಿಗಷ್ಟೇ ಪದವಿ ಎಂದು ನನ್ನ ಅಭಿಪ್ರಾಯ. ಗುರುಗಳಲ್ಲಿ ನಮ್ಮದೊಂದು ವಿನಂತಿ: ತಿಂಗಳಿಗೊಮ್ಮೆಯಾದರೂ ಭೂಗೋಳದ ಅಧ್ಯಾಪಕರೂ ಇತಿಹಾಸದ ಅಧ್ಯಾಪಕರೂ ಒಂದೇ ನಕ್ಷೆಯ ಮುಂದೆ ನಿಂತು ನಮಗೆ ಪಾಠ ಹೇಳಲಿ. ಮೊದಲ ಪಾಠಕ್ಕೆ ಈ ದ್ವೀಪವನ್ನೇ ತೆಗೆದುಕೊಳ್ಳಬಹುದು.