ಅಕ್ಕನ ಸಲಹೆ: ಗಾಬರಿ ಹೋಯಿತು, ಮಂಕು ಹೋಗಿಲ್ಲ

“ಅಕ್ಕಾ, ತಿಂಗಳ ಹಿಂದೆ ಸಂತೆಯಲ್ಲಿ ಎದೆ ಹೊಡೆದುಕೊಂಡು ಉಸಿರು ಕಟ್ಟಿದ ಹಾಗಾಯ್ತು. ಡಾಕ್ಟರು ನೋಡಿ ಹೃದಯ ಸರಿಯಿದೆ ಅಂದ್ರು. ಆಮೇಲಿಂದ ಎಲ್ಲವೂ ಮಂಜಿನಾಚೆ ನಡೆದ ಹಾಗಿದೆ. ಒಗ್ಗರಣೆ ಹಾಕೋ ಕೈ ನನ್ನದೇ ಅಲ್ಲವೇನೋ ಅನ್ನಿಸುತ್ತೆ. ಹುಚ್ಚು ಹಿಡೀತಿದೆಯಾ? ಮನೇಲಿ ಹೇಳೋಕೂ ಭಯ.”
— ನೊಂದ ಸೋದರಿ

ಸೋದರಿ, ಇದು ಹುಚ್ಚಲ್ಲ. ‘ಹಾಗೆ ಅನ್ನಿಸುತ್ತೆ’ ಎಂಬ ಅರಿವು ನಿಮಗಿದೆಯಲ್ಲ! ಗಾಬರಿಯಲ್ಲಿ ಉಸಿರಾಟ ಜೋರಾದರೆ ಮಿದುಳಿಗೆ ಹೋಗುವ ರಕ್ತ ತುಸು ಕಡಿಮೆಯಾಗಿ ತಲೆ ಹಗುರವೆನಿಸುತ್ತದೆ. ಆಮೇಲೆ ‘ಹೋಯಿತೇ, ಇನ್ನೂ ಇದೆಯೇ’ ಎಂದು ದಿನವಿಡೀ ನೋಡಿಕೊಳ್ಳುತ್ತಿದ್ದರೆ ಆತಂಕ ಆರುವುದಿಲ್ಲ, ಮಂಕೂ ಬಿಡುವುದಿಲ್ಲ.

ಮಂಕೆನಿಸಿದಾಗ ಕುಳಿತುಕೊಳ್ಳಿ. ಮೂಗಿನಿಂದ ಉಸಿರೆಳೆದು, ಎಳೆದುದಕ್ಕಿಂತ ನಿಧಾನವಾಗಿ ಬಿಡಿ. ಅಂಗಾಲಿಗೆ ತಾಗುವ ನೆಲದ ತಂಪು, ಏಲಕ್ಕಿಯ ಘಮ, ಇವುಗಳ ಕಡೆ ಗಮನ ಕೊಡಿ. ಆಮೇಲೆ ಕೈಯಲ್ಲಿದ್ದ ಕೆಲಸ ಮುಂದುವರಿಸಿ. ಕಾಫಿ ಕಡಿಮೆ ಮಾಡಿ, ನಿದ್ದೆಗೆಡಬೇಡಿ. ಸಂತೆಗೆ ಹೋಗುವುದನ್ನಂತೂ ಬಿಡಬೇಡಿ.

ಇಷ್ಟಾದರೂ ಹೋಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇವತ್ತೇ ಯಜಮಾನರಿಗೋ ತಾಯಿಗೋ ಹೇಳಿಬಿಡಿ. ಬಾಯಿಬಿಟ್ಟು ಹೇಳಿದರೆ ಭಯ ಅರ್ಧವಾಗುತ್ತದೆ.