ಮ್ಯಾಜಿಸ್ಟ್ರೇಟರ ಕಚೇರಿಗೆ ಮಾತ್ರ ಹಣವಿಲ್ಲವೇ?

ಕೋರ್ಟಿನ ಬಾಗಿಲಿಗೆ ಪೊಲೀಸು ಕಾವಲು ಹೆಚ್ಚಾಗಬೇಕು, ಒಳಗೆ ಹೋಗುವವರನ್ನು ತಪಾಸಣೆ ಮಾಡಬೇಕು ಎಂಬ ಮಾತು ಆಗಾಗ ಏಳುತ್ತದೆ. ನಾವು ಅದಕ್ಕೆ ವಿರೋಧಿಗಳಲ್ಲ. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ಕೋರ್ಟಿನೊಳಗೇ ವಿಚಾರಣೆಗೆ ತಂದಿದ್ದ ಕೈದಿಯೊಬ್ಬನನ್ನು ಗುಂಡಿಕ್ಕಿ ಕೊಂದರು. ಅದೇ ವರ್ಷ ಜುಲೈ 28ರಂದು ಧನಬಾದಿನಲ್ಲಿ ನ್ಯಾಯಾಧೀಶ ಉತ್ತಮ್ ಆನಂದ್ ಅವರು ಬೆಳಗಿನ ಹೊತ್ತು ರಸ್ತೆಯಲ್ಲಿ ಹೋಗುತ್ತಿದ್ದಾಗ ಆಟೋರಿಕ್ಷಾ ಹಾಯಿಸಿ ಕೊಂದರು. ಇಂಥ ದೇಶದಲ್ಲಿ ಕಾವಲು ಬೇಡವೆನ್ನುವವರು ಯಾರು?

ಆದರೆ ಒಂದು ಸಂಗತಿಯನ್ನು ಮಹನೀಯರು ಗಮನಿಸಬೇಕು. ರೋಹಿಣಿಯ ಹಂತಕರು ವಕೀಲರ ಕರಿಕೋಟು ತೊಟ್ಟು ಒಳಗೆ ನುಗ್ಗಿದ್ದರು. ಧನಬಾದಿನ ನ್ಯಾಯಾಧೀಶರು ಸತ್ತದ್ದು ಕೋರ್ಟಿನಲ್ಲಲ್ಲ, ಬೀದಿಯಲ್ಲಿ. ಬಾಗಿಲ ಕಾವಲಿಗೆ ಸಿಕ್ಕಿಬೀಳುವವನು ಬಹುಮಟ್ಟಿಗೆ ಬುತ್ತಿ ಚೀಲ ಹಿಡಿದು ಬಂದ ಬಡ ಕಕ್ಷಿಗಾರ. ಕಾವಲಿಗೆಂದು ಹಣ ತೆಗೆಯುವಾಗ ಕೋರ್ಟಿನ ಒಳಗಿನ ಸ್ಥಿತಿ ಏನಿದೆಯೆಂದೂ ನೋಡಬೇಕು.

ಸ್ಥಿತಿಯನ್ನು ನಾವು ಹೇಳುವುದಕ್ಕಿಂತ ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ರಮಣ ಅವರೇ 2021ರ ಅಕ್ಟೋಬರ್‌ನಲ್ಲಿ ಔರಂಗಾಬಾದಿನಲ್ಲಿ ಹೇಳಿದ್ದಾರೆ. ದೇಶದಲ್ಲಿ ಮಂಜೂರಾದ ನ್ಯಾಯಾಧಿಕಾರಿಗಳ ಸಂಖ್ಯೆ 24,280. ಅವರು ಕೂರಲು ಇದ್ದ ಕೋರ್ಟು ಹಾಲುಗಳು 20,143, ಅದರಲ್ಲೂ 620 ಬಾಡಿಗೆಯವು. ನೂರಕ್ಕೆ 26 ಕೋರ್ಟು ಆವರಣಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿರಲಿಲ್ಲ. ಶುದ್ಧ ಕುಡಿಯುವ ನೀರು ಇದ್ದದ್ದು ನೂರಕ್ಕೆ 54ರಲ್ಲಿ. ಪ್ರತ್ಯೇಕ ದಾಖಲೆ ಕೊಠಡಿ ಇದ್ದದ್ದು ನೂರಕ್ಕೆ 32ಕ್ಕೆ ಮಾತ್ರ. ಕಾಗದವೇ ಕೈಗೆ ಸಿಗದ ಕಡೆ ನ್ಯಾಯ ಹೇಗೆ ಸಿಕ್ಕೀತು?

ಇದು ವಕೀಲರ ವಿಷಯ, ನಮಗೇಕೆ ಎಂದು ಗಿರಣಿಯ ಗೆಳೆಯರು ಅನ್ನಬಾರದು. ಯಂತ್ರಕ್ಕೆ ರಕ್ಷಣೆ ಹಾಕದೆ ಕಾರ್ಮಿಕನ ಕೈ ಹೋದರೆ ಮಾಲೀಕನ ಮೇಲಿನ ಮೊಕದ್ದಮೆ ನಡೆಯಬೇಕಾದದ್ದು ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ಸಣ್ಣ ವರ್ತಕನಿಗೆ ದೊಡ್ಡ ಸಾಹುಕಾರ ಕೊಟ್ಟ ಚೆಕ್ಕು ಬ್ಯಾಂಕಿನಿಂದ ವಾಪಸು ಬಂದರೆ ಅವನು ಹತ್ತಬೇಕಾದದ್ದೂ ಅದೇ ಮೆಟ್ಟಿಲು. ಚೆಕ್ಕಿನ ಮೊಕದ್ದಮೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು 2002ರ ತಿದ್ದುಪಡಿ ಹೇಳುತ್ತದೆ. ಯತ್ನಿಸುವವರು ಯಾರು? ಸಮನ್ಸು ಜಾರಿಯಾಗಲಿಲ್ಲವೆಂದು ಒಂದು ವಾಯಿದೆ, ಗುಮಾಸ್ತನಿಲ್ಲವೆಂದು ಇನ್ನೊಂದು, ಸಾಹೇಬರು ಎರಡು ಕೋರ್ಟು ನೋಡಿಕೊಳ್ಳುತ್ತಿದ್ದಾರೆಂದು ಮತ್ತೊಂದು. ಇಪ್ಪತ್ತು ವಾಯಿದೆ ಎಂದರೆ ಕಾರ್ಮಿಕನಿಗೆ ಇಪ್ಪತ್ತು ದಿನದ ಕೂಲಿ ಹೋಯಿತು, ಅಂಗಡಿಕಾರನಿಗೆ ಇಪ್ಪತ್ತು ದಿನದ ವ್ಯಾಪಾರ ಹೋಯಿತು. ಹಣವುಳ್ಳ ಪ್ರತಿವಾದಿಗೆ ಕಾಯುವುದರಿಂದ ನಷ್ಟವೇನೂ ಇಲ್ಲ, ಲಾಭವೇ.

ಇನ್ನು ಸಾಕ್ಷಿಯ ಪಾಡು. ಧಣಿಯ ವಿರುದ್ಧ ಹೇಳಲು ಬಂದವನು ಧಣಿಯ ಆಳುಗಳ ಜೊತೆ ಒಂದೇ ಜಗಲಿಯಲ್ಲಿ ಸಂಜೆಯವರೆಗೆ ಕೂರಬೇಕು. ಅವನಿಗೆ ಬಂದುಹೋಗುವ ಖರ್ಚು ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಕೇಳಿ ಪಡೆದವರು ಎಷ್ಟು ಜನ? 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ, ಅದು ದೇಶಕ್ಕೆಲ್ಲ ಕಾನೂನಿನಂತೆಯೇ ನಡೆಯಬೇಕೆಂದಿತು. ಅದಕ್ಕೊಂದು ನಿಧಿ ಇರಬೇಕು, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕು. ಕೋರ್ಟಿನ ಭದ್ರತೆಯ ಮಾತೆತ್ತಿದಾಗ ಈ ನಿಧಿಯ ಲೆಕ್ಕವನ್ನು ಮೊದಲು ಕೇಳಬೇಕು. ಹೆದರಿದ ಸಾಕ್ಷಿ ಬಾಯಿ ಬಿಡದಿದ್ದರೆ ಬಾಗಿಲಲ್ಲಿ ಹತ್ತು ಬಂದೂಕು ಇದ್ದೇನು ಪ್ರಯೋಜನ?

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಬಲು ಹಳೆಯದು. ನ್ಯಾಯವನ್ನೂ ಆಡಳಿತವನ್ನೂ ಬೇರ್ಪಡಿಸಿರೆಂದು ಕಾಂಗ್ರೆಸ್ಸು 1886ರಷ್ಟು ಹಿಂದೆಯೇ ನಿರ್ಣಯ ಮಾಡಿದಾಗ ಬ್ರಿಟಿಷ್ ಸರಕಾರ ಮುಂದಿಟ್ಟ ನೆಪಗಳಲ್ಲಿ ಖರ್ಚೂ ಒಂದು. ಸಂವಿಧಾನದ 50ನೆಯ ವಿಧಿ ಬಂದ ಮೇಲೂ, ದೇಶಕ್ಕೆಲ್ಲ ಒಂದೇ ಕ್ರಮದಲ್ಲಿ ನ್ಯಾಯಿಕ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಕೈಕೆಳಗೆ ಬಂದದ್ದು 1974ರ ಏಪ್ರಿಲ್ 1ರಿಂದ. ತಹಸೀಲ್ದಾರರ ಮ್ಯಾಜಿಸ್ಟ್ರೇಟುಗಿರಿ ಹಾಗೆಯೇ ಉಳಿಯಿತು. ಮುಷ್ಕರದ ಸುಳಿವು ಸಿಕ್ಕರೆ ಸಾಕು, ಆ ಮ್ಯಾಜಿಸ್ಟ್ರೇಟರಿಗೆ ಜೀಪಿಗೆ ಡೀಸೆಲ್ಲು, ಹಿಂದೆ ಪೊಲೀಸು ವ್ಯಾನು, ಕಾರ್ಮಿಕ ಮುಖಂಡನಿಂದ ಬರೆಸಿಕೊಳ್ಳಲು ಮುಚ್ಚಳಿಕೆಯ ಕಾಗದ, ಯಾವುದಕ್ಕೂ ಅಭಾವವಿಲ್ಲ. ನ್ಯಾಯ ಹೇಳುವ ಮ್ಯಾಜಿಸ್ಟ್ರೇಟರಿಗೆ ಬೆಂಚು ಕೊಡಿಸಲು ಮಾತ್ರ ಬೊಕ್ಕಸ ಬರಿದು!

2008ರ ಗ್ರಾಮ ನ್ಯಾಯಾಲಯ ಕಾಯಿದೆಯ ಕಥೆಯೂ ಇದೇ. ಹಳ್ಳಿಯ ಬಾಗಿಲಿಗೇ ಮ್ಯಾಜಿಸ್ಟ್ರೇಟರು ಬರುವರೆಂದು ಡಂಗುರವಾಯಿತು. ಕೇಂದ್ರ ಸರಕಾರ ಗೊತ್ತುಮಾಡಿದ್ದು ಒಂದೊಂದಕ್ಕೆ ಒಂದು ಸಲಕ್ಕೆ 18 ಲಕ್ಷ ರೂಪಾಯಿ, ಆಮೇಲೆ ವರ್ಷದ ಖರ್ಚಿನಲ್ಲಿ ಅರ್ಧ, ಅದೂ 3 ಲಕ್ಷ 20 ಸಾವಿರ ಮೀರದಂತೆ, ಮೂರೇ ವರ್ಷ. ನಾಲ್ಕನೆಯ ವರ್ಷ ಸಂಬಳ ಯಾರು ಕೊಡಬೇಕು? ರಾಜ್ಯಗಳು ಹಿಂದೇಟು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ, ಸಮರ್ಥನೆಯೂ ಇಲ್ಲ.

ಕೋರ್ಟು ವಿಧಿಸುವ ದಂಡದ ಹಣದಲ್ಲೇ ಕೋರ್ಟು ನಡೆಯಲಿ ಎಂಬ ಬುದ್ಧಿವಂತಿಕೆಯನ್ನೂ ನಾವು ಕೇಳಿದ್ದೇವೆ. ನ್ಯಾಯಾಲಯವೇನು ಸುಂಕದ ಕಟ್ಟೆಯೇ? ತನ್ನ ಕಚೇರಿಯ ದೀಪದ ಖರ್ಚಿಗಾಗಿ ದಂಡ ಹಾಕುವ ಮ್ಯಾಜಿಸ್ಟ್ರೇಟರ ಎದುರು ಸೈಕಲ್ಲಿನಲ್ಲಿ ಬಂದ ಬಡವನ ಗತಿಯೇನು? ಊರ ದೊಡ್ಡ ಮನುಷ್ಯರು ಫ್ಯಾನು, ಕುರ್ಚಿ, ನೀರಿನ ಯಂತ್ರ ದಾನ ಕೊಡುವುದು ಇನ್ನೂ ಅಪಾಯದ ದಾರಿ. ದಾನಿಯ ಹೆಸರು ಬರೆದ ಬೆಂಚಿನ ಮೇಲೆ ಕುಳಿತು ಆ ದಾನಿಯ ವಿರುದ್ಧದ ಫಿರ್ಯಾದಿಗೆ ನ್ಯಾಯದ ನಂಬಿಕೆ ಹುಟ್ಟುವುದಿಲ್ಲ. ಮ್ಯಾಜಿಸ್ಟ್ರೇಟರು ಎಷ್ಟೇ ಸತ್ಯವಂತರಿರಲಿ, ಆ ಹೆಸರು ಅಲ್ಲಿ ಇರಕೂಡದು.

ಹಣ ಬರಬೇಕಾದದ್ದು ವಿಧಾನಸಭೆ ಒಪ್ಪಿದ ಮುಂಗಡಪತ್ರದಿಂದ, ಎಲ್ಲರಿಗೂ ಕಾಣುವಂತೆ. ಮುಂದಿನ ಅಧಿವೇಶನಕ್ಕೆ ಮೊದಲು ನಮ್ಮ ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಕೂಡಿ ಶಾಸಕರ ಮನೆಗೆ ಹೋಗಬೇಕು. ಈ ಜಿಲ್ಲೆಯ ಮ್ಯಾಜಿಸ್ಟ್ರೇಟು ಕೋರ್ಟುಗಳಲ್ಲಿ ಖಾಲಿ ಬಿದ್ದ ಗುಮಾಸ್ತರ, ಸಮನ್ಸು ಜಾರಿ ಮಾಡುವವರ ಹುದ್ದೆಗಳೆಷ್ಟು, ಸಾಕ್ಷಿಗಳ ಭತ್ಯೆಗೆ ಕಳೆದ ವರ್ಷ ಇಟ್ಟದ್ದೆಷ್ಟು, ಕೊಟ್ಟದ್ದೆಷ್ಟು, ಸಾಕ್ಷಿ ರಕ್ಷಣಾ ನಿಧಿಯಲ್ಲಿರುವುದೆಷ್ಟು ಎಂದು ಲಿಖಿತವಾಗಿ ಕೇಳಬೇಕು. ಅವರು ಕೊಡುವ ಉತ್ತರವನ್ನು ಈ ಪತ್ರಿಕೆಯಲ್ಲಿ ಅಕ್ಷರಶಃ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.